ಮಧುಮೇಹವೂ ಮುನ್ನೆಚ್ಚರಿಕೆಯೂ

(ನವೆಂಬರ್ ೧೪ರಂದು ಕಂಬೈನಲ್ಲೂರಿನಲ್ಲಿ ಜರುಗಿದ ಪೋಷಕರ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ದಿನ ಮಕ್ಕಳ ಹಬ್ಬ. ಪಂಡಿತ ಜವಾಹರಲಾಲ ನೆಹರೂ ಅವರು ೧೮೮೯ನೆಯ ಇಸವಿ ನವೆಂಬರ್ ೧೪ರಂದು ಜನಿಸಿದರೆಂಬುದನ್ನು ನಮ್ಮ ಮೂರನೆಯ ತರಗತಿಯ ಮಗುವೂ ಬಲ್ಲದು. ಅದೇ ತಾರೀಖಿನಂದು, ಎರಡು ವರ್ಷಗಳ ತರುವಾಯ, ಕೆನಡಾ ದೇಶದಲ್ಲಿ ಇನ್ನೊಬ್ಬ ಮಹನೀಯರು ಜನಿಸಿದರೆಂಬುದು ಅಷ್ಟು ಜನರಿಗೆ ತಿಳಿದಿರಲಾರದು. ಅವರ ಹೆಸರು ಫ್ರೆಡರಿಕ್ ಬ್ಯಾಂಟಿಂಗ್. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಚಾರ್ಲ್ಸ್ ಬೆಸ್ಟ್ ಎಂಬ ತರುಣನೊಡನೆ ದುಡಿದು ಇನ್ಸುಲಿನ್ ಎಂಬ ಔಷಧವನ್ನು ಕಂಡುಹಿಡಿದವರು ಇವರೇ. ಆ ಕಾರಣದಿಂದಲೇ ಲೋಕವೆಲ್ಲ ಈ ದಿನವನ್ನು ಮಧುಮೇಹ ದಿನವೆಂದು ಆಚರಿಸುತ್ತದೆ.

ಆ ಔಷಧವನ್ನು ಮೊಟ್ಟಮೊದಲು ಪಡೆದವನು ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಒಂಬತ್ತನೆಯ ತರಗತಿಯ ಬಾಲಕರ ವಯಸ್ಸಿನವನು. ೧೯೨೨ರ ಜನವರಿ ೧೧ರಂದು ಕೊಟ್ಟ ಮೊದಲನೆಯ ಚುಚ್ಚುಮದ್ದು ಅಷ್ಟಾಗಿ ಫಲಿಸಲಿಲ್ಲ. ಔಷಧವನ್ನು ಇನ್ನಷ್ಟು ಶುದ್ಧಿಗೊಳಿಸಿ ಹನ್ನೆರಡು ದಿನಗಳ ಮೇಲೆ ಮತ್ತೆ ಕೊಟ್ಟಾಗ, ಸಾವಿನ ದವಡೆಯಲ್ಲಿದ್ದ ಆ ಹುಡುಗ ಚೇತರಿಸಿಕೊಂಡನು. ಆಮೇಲೆ ಹದಿಮೂರು ವರ್ಷ ಬದುಕಿದನು. ಅದಕ್ಕೆ ಮುಂಚೆ ಈ ರೋಗ ತಗುಲಿದ ಮಕ್ಕಳನ್ನು ಹೆತ್ತವರು ಕೈಕಟ್ಟಿ ನೋಡುತ್ತ ಕಳೆದುಕೊಳ್ಳಬೇಕಾಗಿತ್ತು.

ನಾವು ವೈದ್ಯರಲ್ಲ, ಬಿ.ಎ., ಬಿ.ಟಿ. ಓದಿ ಪಾಠ ಹೇಳುವವರು. ಹೀಗಿರುವಲ್ಲಿ ಈ ವಿಷಯವನ್ನು ಕುರಿತು ಮಾತನಾಡಲು ನಮಗೇನು ಅಧಿಕಾರವೆಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಆ ಅಧಿಕಾರ ನಮಗೆ ಹೇಗೆ ಬಂತೆಂಬುದನ್ನು ಮುಂದೆ ನಾವೇ ನಿವೇದಿಸಿಕೊಳ್ಳುತ್ತೇವೆ. ಅದು ಹೆಮ್ಮೆಯ ಸಂಗತಿಯಲ್ಲವೆಂದು ಮಾತ್ರ ಈಗಲೇ ಹೇಳಿಬಿಡುತ್ತೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ನಾವು ಉಂಡ ಅನ್ನ, ಮುದ್ದೆ, ರೊಟ್ಟಿ ಯಾವುದೇ ಆಗಲಿ, ಹೊಟ್ಟೆಯಲ್ಲಿ ಜೀರ್ಣವಾಗಿ ಬಹುಭಾಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆ ರಕ್ತದಿಂದ ಅಂಗಾಂಗಗಳ ಒಳಕ್ಕೆ ಹೋದರೆ ಮಾತ್ರ ನಮಗೆ ಶಕ್ತಿ. ಒಳಕ್ಕೆ ಹೋಗಲು ಬಾಗಿಲು ತೆರೆಯುವ ಕೀಲಿಕೈಯೇ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಅದನ್ನು ಉತ್ಪತ್ತಿ ಮಾಡುತ್ತದೆ. ಕೆಲವು ಮಕ್ಕಳಲ್ಲಿ ಈ ಉತ್ಪತ್ತಿ ಪೂರ್ತಿಯಾಗಿ ನಿಂತುಹೋಗುತ್ತದೆ. ಥಾಮ್ಸನ್ ಎಂಬ ಹುಡುಗನಿಗೆ ಆದದ್ದು ಅದೇ. ಅಂಥವರಿಗೆ ಇನ್ಸುಲಿನ್ ಹೊರತು ಬೇರೆ ಗತಿಯಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವುದು ಇನ್ನೊಂದು ಬಗೆ. ಇಲ್ಲಿ ಕೀಲಿಕೈ ಇರುತ್ತದೆ, ಆದರೆ ಬೀಗಕ್ಕೆ ತುಕ್ಕು ಹಿಡಿದಿರುತ್ತದೆ. ಬರುಬರುತ್ತ ಕೀಲಿಕೈಗಳ ಸಂಖ್ಯೆಯೂ ಕಡಮೆಯಾಗುತ್ತದೆ. ಸಕ್ಕರೆ ರಕ್ತದಲ್ಲಿಯೇ ನಿಂತು, ಕಣ್ಣು, ಮೂತ್ರಪಿಂಡ, ಹೃದಯ, ನರ, ಪಾದ ಇವೆಲ್ಲವನ್ನೂ ಒಳಗಿಂದೊಳಗೇ ಕೆಡಿಸುತ್ತದೆ. ಈ ರೋಗಿಗಳಿಗೆ ಕ್ಷಯ ತಗುಲುವ ಅಪಾಯವೂ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ನಮ್ಮ ಪ್ರಾಚೀನರು ಈ ರೋಗವನ್ನು ಅರಿಯದವರಲ್ಲ. ಮಧುಮೇಹವೆಂಬ ಹೆಸರೇ ಅವರು ಇಟ್ಟದ್ದು. ಮೂತ್ರವು ಜೇನಿನಂತೆ ಸಿಹಿಯಾಗುವುದನ್ನು ಅವರು ಗುರುತಿಸಿದ್ದರು. ಮೂತ್ರ ಬಿದ್ದ ಕಡೆ ಇರುವೆ ಮುತ್ತಿದರೆ ರೋಗವೆಂದು ತಿಳಿಯುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವ ಮಾತು. ಮಾತು ಸುಳ್ಳಲ್ಲ, ಆದರೆ ಇರುವೆ ಬಹಳ ತಡವಾಗಿ ಬರುತ್ತದೆ. ರಕ್ತದಲ್ಲಿ ಸಕ್ಕರೆ ಸುಮಾರು ೧೮೦ರ ಮಟ್ಟವನ್ನು ಮೀರಿದ ಮೇಲಷ್ಟೆ ಅದು ಮೂತ್ರಕ್ಕೆ ಇಳಿಯುವುದು. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ಇಳಿಯುವ ತೂಕ, ಮಾಯದ ಗಾಯ, ಇವೆಲ್ಲವೂ ಹಾಗೆಯೇ. ಇವು ಕಾಣಿಸಿಕೊಳ್ಳುವ ಹೊತ್ತಿಗೆ ರೋಗವು ಮನೆಯೊಳಗೆ ಬಂದು ಎಷ್ಟೋ ವರ್ಷಗಳಾಗಿರಬಹುದು. ಆದುದರಿಂದ ಈ ದಿನ ನಾವು ಹೇಳಬೇಕೆಂದಿರುವ ಮಾತು ಒಂದೇ: ರೋಗ ತಾನಾಗಿ ಕೂಗಿ ಹೇಳುವವರೆಗೆ ಕಾಯಬಾರದು, ನಾವೇ ಹೋಗಿ ವಿಚಾರಿಸಬೇಕು.

ಇನ್ನು ಅಂಕಿಗಳನ್ನು ನೋಡೋಣ. ಮದರಾಸು ನಗರದಲ್ಲಿ ೧೯೮೯ರಲ್ಲಿ ವಯಸ್ಕರ ಪೈಕಿ ನೂರಕ್ಕೆ ೮.೩ ಮಂದಿಗೆ ಈ ರೋಗವಿತ್ತು. ೨೦೦೪ರ ಸುಮಾರಿಗೆ ಅದು ೧೪.೩ಕ್ಕೆ ಏರಿತು. ಅದು ಪಟ್ಟಣದ ಮಾತು, ಕುರ್ಚಿಯ ಮೇಲೆ ಕುಳಿತು ಉಣ್ಣುವವರ ಮಾತು ಎಂದು ಆಗ ನಾವೆಲ್ಲ ಸಮಾಧಾನಪಟ್ಟುಕೊಂಡೆವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆದು, ೨೦೧೧ರಲ್ಲಿ ಅದರ ಮೊದಲ ಭಾಗದ ಫಲಿತಾಂಶ ಹೊರಬಂತು; ತಮಿಳುನಾಡಿನಲ್ಲಿ ನೂರಕ್ಕೆ ೧೦.೪ ಮಂದಿ ರೋಗಿಗಳೆಂದು ತಿಳಿಯಿತು. ೨೦೨೩ರ ವರದಿಯಲ್ಲಿ ಈ ರಾಜ್ಯದ ಸಂಖ್ಯೆ ೧೪.೪. ದೇಶದ ಒಟ್ಟು ಲೆಕ್ಕ ನೂರಕ್ಕೆ ೧೧.೪, ಅಂದರೆ ಸುಮಾರು ಹತ್ತು ಕೋಟಿ ಜನ. ಇನ್ನೂ ಸುಮಾರು ಹದಿಮೂರೂವರೆ ಕೋಟಿ ಜನ ರೋಗದ ಹೊಸ್ತಿಲ ಮೇಲೆ ನಿಂತಿದ್ದಾರೆ. ಪಟ್ಟಣಗಳಲ್ಲಿ ನೂರಕ್ಕೆ ೧೬.೪, ಹಳ್ಳಿಗಳಲ್ಲಿ ೮.೯. ಹಳ್ಳಿಯ ಸಂಖ್ಯೆ ಕಡಮೆಯೆಂದು ಸಂತೋಷಪಡುವಂತಿಲ್ಲ. ಮದರಾಸು ನಗರವು ೧೯೮೯ರಲ್ಲಿ ನಿಂತಿದ್ದ ಮೆಟ್ಟಿಲನ್ನು ನಮ್ಮ ಹಳ್ಳಿಗಳು ಆಗಲೇ ದಾಟಿವೆ.

ಇದು ಹೇಗೆ ಸಂಭವಿಸಿತು? ನಮ್ಮ ಧರ್ಮಪುರಿ ಸೀಮೆ ರಾಗಿ, ಸಾಮೆ, ಹುರುಳಿಗಳ ಸೀಮೆ. ನಮ್ಮ ಅಜ್ಜಂದಿರು ಕತ್ತಲಲ್ಲೆದ್ದು ಏತ ಹೊಡೆದು, ಸಂತೆಗೆ ಹರದಾರಿ ನಡೆದು, ರಾತ್ರಿ ಮುದ್ದೆ ಹುರುಳಿಸಾರು ಉಂಡು ಮಲಗುತ್ತಿದ್ದವರು. ಅಕ್ಕಿಯ ಅನ್ನ ಹಬ್ಬದ ಊಟವಾಗಿತ್ತು. ಈಗ ಗುಂಡಿ ಒತ್ತಿದರೆ ನೀರು. ಬೀದಿಯ ಕೊನೆಯ ಅಂಗಡಿಗೂ ಮೋಟಾರು ಸೈಕಲ್ಲು. ಮೂರು ಹೊತ್ತೂ ಬಿಳಿಯ ಅನ್ನ, ಇಲ್ಲವೆ ಅದೇ ಅಕ್ಕಿಯ ಇಡ್ಲಿ ದೋಸೆ. ನಡುನಡುವೆ ಎರಡು ಚಮಚ ಸಕ್ಕರೆ ಹಾಕಿದ ಟೀ. ಕಷ್ಟ ಕಡಮೆಯಾದದ್ದನ್ನು ನಾವು ದೂಷಿಸುವುದಿಲ್ಲ. ಹಸಿವನ್ನು ಕಂಡವರು ಯಾರೂ ಅಕ್ಕಿಯನ್ನು ನಿಂದಿಸಲಾರರು. ಆದರೆ ದೇಹಕ್ಕೆ ದುಡಿಮೆ ತಗ್ಗಿದಾಗ ತಟ್ಟೆಯ ಅನ್ನವೂ ತಗ್ಗಬೇಕಾಗಿತ್ತು, ಅದು ತಗ್ಗಲಿಲ್ಲ. ಅಲ್ಲದೆ ನಮ್ಮ ದೇಶದವರ ಮೈಕಟ್ಟಿನಲ್ಲಿ ಒಂದು ವಿಶೇಷವುಂಟು. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ನೋಡಿದವರು 'ಬಡಕಲು ಮನುಷ್ಯ' ಎನ್ನುತ್ತಾರೆ. ಸೊಂಟದ ಪಟ್ಟಿ ಬೇರೆಯೇ ಹೇಳುತ್ತದೆ.

ರಾಗಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ೨೦೨೩ರ ಮೇ ತಿಂಗಳಲ್ಲಿ ಸರ್ಕಾರದವರು ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಎರಡು ಕಿಲೋ ಅಕ್ಕಿಗೆ ಬದಲಾಗಿ ಎರಡು ಕಿಲೋ ರಾಗಿ ಕೊಡುವ ಏರ್ಪಾಡನ್ನು ಆರಂಭಿಸಿದರು. ಅದು ಸ್ವಾಗತಾರ್ಹವೇ. ಆದರೆ 'ರಾಗಿ ತಿಂದರೆ ಸಕ್ಕರೆ ಬಾರದು, ಎಷ್ಟಾದರೂ ತಿನ್ನಬಹುದು' ಎಂಬ ನಂಬಿಕೆ ಸರಿಯಲ್ಲ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು. ಆದರೂ ಅದು ಧಾನ್ಯವೇ. ದೊಡ್ಡ ಎರಡು ಮುದ್ದೆ ಉಂಡು ಮಲಗಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಒಂದು ಚಿಕ್ಕ ಮುದ್ದೆ, ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿ, ಜೊತೆಗೆ ಹುರುಳಿಯೋ ಅವರೆಯೋ, ಇದು ಒಳ್ಳೆಯ ಊಟ.

ಮೈಬಗ್ಗಿಸಿ ದುಡಿಯುವವರನ್ನೂ ಈ ರೋಗ ಬಿಡುವುದಿಲ್ಲವೆಂಬುದಕ್ಕೆ ನಮ್ಮ ದೊಡ್ಡಪ್ಪನವರೇ ಸಾಕ್ಷಿ. ಎಪ್ಪತ್ತರ ಹತ್ತಿರಕ್ಕೆ ಬಂದರೂ ನೇಗಿಲು ಬಿಟ್ಟವರಲ್ಲ; ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಒಂದು ಬೇಸಿಗೆಯಲ್ಲಿ ಅವರ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಹೊಕ್ಕದ್ದು ಅವರಿಗೆ ತಿಳಿಯಲಿಲ್ಲ. ಸೊಸೆ ಜಗಲಿಯ ಮೇಲೆ ಕೀವಿನ ಕಲೆ ಕಂಡು 'ಮಾವಾ, ಕಾಲಿಗೇನಾಗಿದೆ?' ಎಂದು ಕೇಳಿದಾಗಲೇ ಗೊತ್ತಾದದ್ದು. ನರ ಸತ್ತ ಪಾದಕ್ಕೆ ನೋವಿಲ್ಲ. ನೋವಿಲ್ಲದ ಗಾಯಕ್ಕೆ ಆರೈಕೆಯೂ ಇಲ್ಲ. ರಕ್ತ ಪರೀಕ್ಷೆ ಆದದ್ದು ಅಂದೇ ಮೊದಲು. ಮೂರು ವಾರದಲ್ಲಿ ಮೊಳಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಒಂದು ಹನಿ ರಕ್ತದ ಪರೀಕ್ಷೆ ಹತ್ತು ವರ್ಷ ಮುಂಚೆ ಆಗಿದ್ದರೆ ಆ ಕಾಲು ಉಳಿಯುತ್ತಿದ್ದಿತೆಂದು ನಾವು ನಂಬಿದ್ದೇವೆ.

ಇಷ್ಟನ್ನು ಕಣ್ಣಾರೆ ಕಂಡ ನಾವು ಏನು ಮಾಡಿದೆವು? ಈಗ ನಮ್ಮ ಅಧಿಕಾರದ ವಿಷಯಕ್ಕೆ ಬರೋಣ. ನಾಲ್ಕು ವರ್ಷಗಳ ಹಿಂದೆ ಒಂದು ಆರೋಗ್ಯ ಶಿಬಿರ ನಡೆಯಿತು. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದ ನಾವೂ ಬೆರಳು ಚುಚ್ಚಿಸಿಕೊಂಡೆವು. ಚೀಟಿಯಲ್ಲಿ ೧೭೨ ಎಂದು ಬರೆದು, ಒಂದು ವಾರದಲ್ಲಿ ಬರಿಹೊಟ್ಟೆಯಲ್ಲಿ ಬಂದು ಮತ್ತೆ ಪರೀಕ್ಷಿಸಿಕೊಳ್ಳಬೇಕೆಂದು ಆ ತಾಯಿ ವಿನಯದಿಂದ ಹೇಳಿದರು. ನಾವು ಚೀಟಿಯನ್ನು ಹಾಜರಿ ಪುಸ್ತಕದೊಳಗೆ ಇಟ್ಟೆವು. ಆ ವಾರ ಪರೀಕ್ಷೆಯ ಪ್ರಶ್ನಪತ್ರಿಕೆಗಳ ಕೆಲಸ. ಮುಂದಿನ ವಾರ ತಪಾಸಣೆ. ಆಮೇಲೆ ರಜೆ. ಮನೆಪಾಠವನ್ನು ನಾಳೆಗೆ ತಳ್ಳಬೇಡಿರೆಂದು ಮಕ್ಕಳಿಗೆ ಪ್ರತಿದಿನ ಬೋಧಿಸುತ್ತಿದ್ದ ನಾವು ಒಂದು ರಕ್ತಪರೀಕ್ಷೆಯನ್ನು ಹದಿನಾಲ್ಕು ತಿಂಗಳು ಮುಂದೂಡಿದೆವು. ನಿಜವನ್ನು ಹೇಳಬೇಕಾದರೆ ಅದು ಮರೆವಲ್ಲ, ಅಂಜಿಕೆ. ದೊಡ್ಡಪ್ಪನವರ ಕಾಲು ಕಣ್ಣಮುಂದಿತ್ತು; ಕೇಳದಿದ್ದರೆ ಇಲ್ಲವೆಂದು ಮನಸ್ಸು ನಟಿಸಿತು. ಕೊನೆಗೆ ಹಾಜರಿ ಪುಸ್ತಕದ ಅಕ್ಷರಗಳೇ ಮಸುಕಾಗತೊಡಗಿದಾಗ ಹೋದೆವು. ಬರಿಹೊಟ್ಟೆಯ ಸಕ್ಕರೆ ೧೫೮. ಕಣ್ಣಿನ ಹಿಂಪರದೆಯಲ್ಲಿ ಆಗಲೇ ಸಣ್ಣ ಕಲೆಗಳು ಮೂಡಿದ್ದುವು. ಮಾತ್ರೆ, ನಡಿಗೆ, ಊಟದ ಮಿತಿ ಇವುಗಳಿಂದ ಇಂದು ಹತೋಟಿಯಲ್ಲಿದ್ದೇವೆ. ಆದರೆ ಆ ಕಲೆಗಳಿಗಾಗಿ ಪ್ರತಿವರ್ಷವೂ ಕಣ್ಣು ತೋರಿಸಬೇಕಾಗಿದೆ. ಹದಿನಾಲ್ಕು ತಿಂಗಳ ಆ ಸಾಲವನ್ನು ನಾವಿನ್ನೂ ತೀರಿಸುತ್ತಿದ್ದೇವೆ.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು? ಮೂವತ್ತು ವರ್ಷ ದಾಟಿದವರೆಲ್ಲರೂ ಎಂಬುದು ಸರ್ಕಾರದ ನಿಯಮ. ಅವರಲ್ಲಿಯೂ ಯಾರಿಗೆ ಅಪಾಯ ಹೆಚ್ಚೆಂದು ತಿಳಿಯಲು ಮದರಾಸಿನ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ಡಾ. ವಿ. ಮೋಹನ್ ಮತ್ತು ಅವರ ಸಹೋದ್ಯೋಗಿಗಳು ೨೦೦೫ರಲ್ಲಿ ಒಂದು ಸುಲಭವಾದ ಲೆಕ್ಕವನ್ನು ಪ್ರಕಟಿಸಿದರು. ಇದಕ್ಕೆ ಸೂಜಿ ಬೇಡ, ಆಸ್ಪತ್ರೆ ಬೇಡ. ಒಂದು ಅಳತೆಯ ಪಟ್ಟಿ ಸಾಕು. ಮಕ್ಕಳೇ, ಗಮನವಿಟ್ಟು ಬರೆದುಕೊಳ್ಳಿರಿ.

ಒಂದು, ವಯಸ್ಸು. ೩೫ಕ್ಕೆ ಕಡಮೆಯಾದರೆ ಸೊನ್ನೆ. ೩೫ರಿಂದ ೪೯ರ ವರೆಗೆ ೨೦. ೫೦ ಮತ್ತು ಮೇಲ್ಪಟ್ಟರೆ ೩೦ ಅಂಕ.

ಎರಡು, ಸೊಂಟದ ಸುತ್ತಳತೆ. ಗಂಡಸರಲ್ಲಿ ೯೦ ಸೆಂಟಿಮೀಟರಿಗೆ ಕಡಮೆ, ಹೆಂಗಸರಲ್ಲಿ ೮೦ಕ್ಕೆ ಕಡಮೆಯಿದ್ದರೆ ಸೊನ್ನೆ. ಗಂಡಸರಲ್ಲಿ ೯೦ರಿಂದ ೯೯, ಹೆಂಗಸರಲ್ಲಿ ೮೦ರಿಂದ ೮೯ ಇದ್ದರೆ ೧೦. ಅದಕ್ಕೂ ಮೀರಿದರೆ ೨೦.

ಮೂರು, ದೇಹಶ್ರಮ. ಕ್ರಮವಾದ ವ್ಯಾಯಾಮವೂ ಮೈಮುರಿಯುವ ಕೆಲಸವೂ ಎರಡೂ ಇದ್ದರೆ ಸೊನ್ನೆ. ಯಾವುದಾದರೂ ಒಂದಿದ್ದರೆ ೨೦. ಎರಡೂ ಇಲ್ಲದೆ ಕುಳಿತ ಬದುಕಾದರೆ ೩೦.

ನಾಲ್ಕು, ವಂಶ. ತಂದೆತಾಯಿಗಳಲ್ಲಿ ಯಾರಿಗೂ ಮಧುಮೇಹವಿಲ್ಲದಿದ್ದರೆ ಸೊನ್ನೆ, ಒಬ್ಬರಿಗಿದ್ದರೆ ೧೦, ಇಬ್ಬರಿಗೂ ಇದ್ದರೆ ೨೦.

ಇವನ್ನು ಕೂಡಿಸಿ. ಮೊತ್ತ ೬೦ ಅಥವಾ ಅದಕ್ಕೆ ಮೇಲಾದರೆ ಅಪಾಯ ಹೆಚ್ಚು. ೩೦ರಿಂದ ೫೦ರ ವರೆಗೆ ಮಧ್ಯಮ. ೩೦ಕ್ಕೆ ಕಡಮೆಯಾದರೆ ಅಲ್ಪ. ಉದಾಹರಣೆಗೆ ಒಬ್ಬ ಉಪಾಧ್ಯಾಯನನ್ನು ತೆಗೆದುಕೊಳ್ಳೋಣ. ವಯಸ್ಸು ೪೭, ಅಂಕ ೨೦. ಸೊಂಟ ೯೪ ಸೆಂಟಿಮೀಟರು, ಅಂಕ ೧೦. ಕುಳಿತ ಕೆಲಸ, ವ್ಯಾಯಾಮವಿಲ್ಲ, ಅಂಕ ೩೦. ತಾಯಿಗೆ ಸಕ್ಕರೆ ಕಾಯಿಲೆ, ಅಂಕ ೧೦. ಮೊತ್ತ ೭೦. ಆ ಉಪಾಧ್ಯಾಯ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಈ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಅಡಗಿದೆ. ಎಪ್ಪತ್ತರಲ್ಲಿ ವಯಸ್ಸಿನ ೨೦, ತಾಯಿಯ ೧೦ ಇವನ್ನು ಯಾರೂ ಕಳೆಯಲಾರರು. ಉಳಿದ ೪೦ ನಮ್ಮ ಕೈಯಲ್ಲಿದೆ. ದಿನವೂ ಚುರುಕಾಗಿ ನಡೆದು, ಸೊಂಟ ೯೦ಕ್ಕಿಂತ ಕೆಳಗೆ ಇಳಿದರೆ ಎಪ್ಪತ್ತು ಐವತ್ತಾಗುತ್ತದೆ. ವಿಧಿ ಎಷ್ಟು, ಪ್ರಯತ್ನ ಎಷ್ಟು ಎಂಬ ಹಳೆಯ ವಾದಕ್ಕೆ ಇಷ್ಟು ಸ್ಪಷ್ಟವಾದ ಉತ್ತರವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಈ ಅಂಕ ರೋಗದ ತೀರ್ಪಲ್ಲ, ಪರೀಕ್ಷೆಗೆ ಹೋಗೆಂಬ ಕರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ, ಹಣವಿಲ್ಲದೆ, ಒಂದು ನಿಮಿಷದೊಳಗೆ ಪರೀಕ್ಷೆಯಾಗುತ್ತದೆ. ಊಟವಾಗಿದ್ದರೂ ಆಗದಿದ್ದರೂ ಆ ಸಂಖ್ಯೆ, ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ೧೪೦ ಮೀರಿದರೆ ಮತ್ತೊಂದು ಪರೀಕ್ಷೆಗೆ ಹೇಳುತ್ತಾರೆ. ಇಲ್ಲಿಯೇ ನಾವು ಎಡವಿದ್ದು; ನೀವು ಎಡವಬೇಡಿರಿ. ಮೊದಲನೆಯ ಸಂಖ್ಯೆ ಸಂಶಯ, ನಿರ್ಣಯ ಎರಡನೆಯದರಲ್ಲಿದೆ. ರಾತ್ರಿ ಉಂಡ ಮೇಲೆ ಕನಿಷ್ಠ ಎಂಟು ಗಂಟೆ ನೀರಿನ ಹೊರತು ಏನನ್ನೂ ಸೇವಿಸದೆ ಬೆಳಗ್ಗೆ ರಕ್ತ ಕೊಟ್ಟಾಗ ಸಂಖ್ಯೆ ೧೨೬ ಅಥವಾ ಹೆಚ್ಚಾದರೆ, ಮತ್ತು ಅದು ಇನ್ನೊಮ್ಮೆ ಸ್ಥಿರಪಟ್ಟರೆ, ಅದು ಮಧುಮೇಹ. ನೂರಕ್ಕೂ ನೂರಿಪ್ಪತ್ತಾರಕ್ಕೂ ನಡುವೆ ಇದ್ದರೆ ಹೊಸ್ತಿಲು. ಹಿಂದಿನ ಮೂರು ತಿಂಗಳ ಸರಾಸರಿಯನ್ನು ಹೇಳುವ ಇನ್ನೊಂದು ಪರೀಕ್ಷೆಯೂ ಉಂಟು, ಅದರಲ್ಲಿ ೬.೫ ಮತ್ತು ಮೇಲ್ಪಟ್ಟರೆ ರೋಗ. ಎಲ್ಲವೂ ಸರಿಯಿದ್ದರೂ ಒಮ್ಮೆ ಮಾಡಿಸಿ ಮುಗಿಯಿತೆನ್ನಬಾರದು. ಅಪಾಯವಿರುವವರು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.

ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ಬಸುರಿನಲ್ಲಿ ಕೆಲವರಿಗೆ ಸಕ್ಕರೆ ಏರುತ್ತದೆ. ಹೆರಿಗೆಯಾದ ಮೇಲೆ ಇಳಿಯುತ್ತದೆ. ಇಳಿಯಿತೆಂದು ಮನೆಯವರು ಮರೆಯುತ್ತಾರೆ. ಅಂಥ ತಾಯಿಗೆ ಮುಂದೆ ರೋಗ ಬರುವ ಸಂಭವ ಬಹಳ, ಮಗುವಿಗೂ ಉಂಟು. ಇದನ್ನು ಮನಗಂಡು ಗರ್ಭಿಣಿಯರೆಲ್ಲರಿಗೂ ಪರೀಕ್ಷೆ ಆಗಬೇಕೆಂದು ಬಹುಕಾಲ ಶ್ರಮಿಸಿದವರು ಮದರಾಸಿನ ಡಾ. ವಿ. ಶೇಷಯ್ಯನವರು. ೭೫ ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ಮೇಲೆ ರಕ್ತ ನೋಡುವುದು ಆ ಕ್ರಮ. ೧೪೦ ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಬರಿಹೊಟ್ಟೆಯಲ್ಲಿ ದೂರದಿಂದ ಬರಬೇಕಾಗಿಲ್ಲದ್ದರಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಇದು ಅನುಕೂಲ. ಹೆರಿಗೆಯ ನಂತರ ಆರು ವಾರಕ್ಕೆ ಮತ್ತೊಮ್ಮೆ, ಆಮೇಲೆ ವರ್ಷವರ್ಷವೂ ಪರೀಕ್ಷೆ ಮಾಡಿಸುವುದನ್ನು ಅತ್ತೆಯಂದಿರೇ ನೆನಪಿಸಬೇಕು.

ಮೊದಲೇ ತಿಳಿದರೆ ಪ್ರಯೋಜನವುಂಟೆ? ಉಂಟು. ಡಾ. ಎ. ರಾಮಚಂದ್ರನ್ ಅವರು ಮದರಾಸಿನಲ್ಲಿ ಹೊಸ್ತಿಲ ಮೇಲಿದ್ದ ೫೩೧ ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ ೨೦೦೬ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ನೂರಕ್ಕೆ ೫೫ ಮಂದಿ ಹೊಸ್ತಿಲು ದಾಟಿ ರೋಗಿಗಳಾದರು. ನಡಿಗೆ, ಊಟಗಳನ್ನು ತಿದ್ದಿಕೊಂಡವರಲ್ಲಿ ಅದು ಸುಮಾರು ೩೯. ನೂರಕ್ಕೆ ಹದಿನಾರು ಮಂದಿ ಬರಿಯ ನಡಿಗೆಯಿಂದಲೂ ತಟ್ಟೆಯ ಮಿತಿಯಿಂದಲೂ ತಪ್ಪಿಸಿಕೊಂಡರು. ಇದು ಸಣ್ಣ ಸಂಗತಿಯೆ?

ಆದರೆ ತಿಳಿದ ಮಾತ್ರಕ್ಕೆ ಸಾಲದು. ೨೦೨೦ರಲ್ಲಿ ಈ ರಾಜ್ಯದಲ್ಲಿ ನಡೆದ ಸಮೀಕ್ಷೆಯಲ್ಲಿ, ಮಧುಮೇಹವಿದ್ದವರ ಪೈಕಿ ಸಕ್ಕರೆ ಹತೋಟಿಯಲ್ಲಿದ್ದವರು ನೂರಕ್ಕೆ ೧೦.೮ ಮಾತ್ರ ಎಂದು ಕಂಡುಬಂತು. ಕೆಲವರಿಗೆ ತಿಳಿದೇ ಇರಲಿಲ್ಲ. ತಿಳಿದವರು ಮಾತ್ರೆ ನಿಲ್ಲಿಸಿದ್ದರು. ಕೂಲಿ ಬಿಟ್ಟು ತಿಂಗಳಿಗೊಮ್ಮೆ ಸಾಲಿನಲ್ಲಿ ನಿಲ್ಲಲಾರದವರೂ ಇದ್ದರು. ಆಗಲೇ 'ಮಕ್ಕಳೈತ್ ತೇಡಿ ಮರುತ್ತುವಂ', ಅಂದರೆ ಜನರನ್ನು ಅರಸಿ ಬರುವ ವೈದ್ಯ ಎಂಬ ಯೋಜನೆ ಹುಟ್ಟಿತು. ೨೦೨೧ರ ಆಗಸ್ಟ್ ೫ರಂದು ಅದನ್ನು ಮುಖ್ಯಮಂತ್ರಿಗಳು ಆರಂಭಿಸಿದ್ದು ರಾಜಧಾನಿಯಲ್ಲಲ್ಲ. ನಮ್ಮ ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಎಂಬ ಹಳ್ಳಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೇಲಂ ಜಿಲ್ಲೆಯ ವಾಳಪಾಡಿಯಲ್ಲಿ, ರೋಗ ಬರುವ ಮುನ್ನವೇ ಕಾಯುವ ಶಿಬಿರಗಳ ಯೋಜನೆಗೆ ಚಾಲನೆ ದೊರೆಯಿತು. ೧೯೬೫ರ ವರೆಗೆ ಸಾಮನಪಳ್ಳಿ, ವಾಳಪಾಡಿ, ಕಂಬೈನಲ್ಲೂರು ಎಲ್ಲವೂ ಒಂದೇ ಸೇಲಂ ಜಿಲ್ಲೆಯವು. ಇಂಥ ಎರಡು ಕೆಲಸಗಳು ನಮ್ಮ ಅಂಗಳದಲ್ಲಿಯೇ ಮೊದಲಾದುವೆಂದು ಹೇಳಿಕೊಳ್ಳಲು ನಮಗೆ ಹಕ್ಕಿದೆ. ಮಾತ್ರೆಯ ಚೀಲ ಹಿಡಿದು ಬಾಗಿಲಿಗೆ ಬರುವ ಆ ಸ್ವಯಂಸೇವಕಿಯನ್ನು 'ಆಮೇಲೆ ಬಾರಮ್ಮಾ' ಎಂದು ಹಿಂದಕ್ಕೆ ಕಳುಹಿಸಬಾರದು.

ಇಲ್ಲಿ ನಮ್ಮ ಕನ್ನಡ ಮನೆಗಳಿಗೇ ಸಂಬಂಧಿಸಿದ ಒಂದು ತೊಡಕಿದೆ. ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಶನಿವಾರದ ಒಪ್ಪತ್ತಿನ ದಿನ ಬೆಳಗ್ಗೆ ಎಂದಿನಂತೆ ಮಾತ್ರೆ ನುಂಗಿ, ಏನೂ ತಿನ್ನದೆ ಹೂ ಕಟ್ಟುತ್ತ ಕುಳಿತರು. ಹನ್ನೊಂದು ಗಂಟೆಗೆ ಬೆವರಿ, ನಡುಗಿ ಕುಸಿದರು. ಸಕ್ಕರೆ ಅತಿಯಾಗಿ ಇಳಿದಿತ್ತು. ನೆರೆಯವರು ಬೆಲ್ಲದ ನೀರು ಕುಡಿಸಿದ್ದರಿಂದ ಉಳಿದರು. ಪುಸ್ತಕದಲ್ಲಿ 'ಊಟವಾದ ಮೇಲೆ' ಎಂದು ತಮಿಳಿನಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಅಜ್ಜಿ ಸಂತೆಯಲ್ಲಿ ತಮಿಳನ್ನು ಸರಾಗವಾಗಿ ಆಡುತ್ತಾರೆ, ಓದಲಾರರು. ಈ ರಾಜ್ಯದ ಭಾಷೆಯಲ್ಲಿ ಪುಸ್ತಕ ಇರುವುದು ಸಹಜವೇ, ಅದರಲ್ಲಿ ಯಾರ ದೋಷವೂ ಇಲ್ಲ. ಆದರೆ ಆ ಮನೆಯಲ್ಲಿ ಎರಡು ಭಾಷೆಗಳನ್ನೂ ಓದಬಲ್ಲ ಹನ್ನೆರಡು ವರ್ಷದ ಮೊಮ್ಮಗಳು ಇದ್ದಳು. ಆಕೆಯನ್ನು ಓದಲು ಯಾರೂ ಕೇಳಿರಲಿಲ್ಲ!

ಎರಡು ಭಾಷೆಯ ಹೊರೆ ನಮ್ಮ ಮಕ್ಕಳಿಗೆ ಭಾರವೆಂದು ಪೋಷಕರು ಆಗಾಗ ನಮ್ಮಲ್ಲಿ ಬಂದು ಹೇಳುವುದುಂಟು. ೨೦೦೬ರ ಶಾಸನದಿಂದ ತಮಿಳು ಕಲಿಕೆ ಎಲ್ಲ ಶಾಲೆಗಳಲ್ಲಿಯೂ ಬಂದಿತು. ಕನ್ನಡ ನಮ್ಮ ಮನೆಯ ನುಡಿ. ಆ ಹೊರೆಯೇ ಇಲ್ಲಿ ಊರುಗೋಲು. ಆಸ್ಪತ್ರೆಯ ಚೀಟಿಯನ್ನು ತಮಿಳಿನಲ್ಲಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲ ಮಗು ಆ ಮನೆಗೆ ಅರ್ಧ ದಾದಿಯಿದ್ದಂತೆ.

ಆದ್ದರಿಂದ ಧರ್ಮಸಂಸ್ಥೆಯ ಮುಂದೆ ಈ ಸೂಚನೆಗಳನ್ನು ಇಡುತ್ತೇವೆ. ಎಂಟನೆಯ ತರಗತಿಯ ಮೇಲಿನ ಮಕ್ಕಳು ತಮ್ಮ ಮನೆಯ ಹಿರಿಯರ ನಾಲ್ಕು ಪ್ರಶ್ನೆಗಳ ಲೆಕ್ಕವನ್ನು ಮಾಡಲಿ. ಅಂಕದ ಚೀಟಿ ಮನೆಯಲ್ಲಿಯೇ ಇರಲಿ. ಶಾಲೆಗೆ ತರುವುದು ಬೇಡ, ಯಾರ ಮನೆಯ ಗುಟ್ಟೂ ನಮಗೆ ಬೇಡ. ಅರುವತ್ತು ದಾಟಿದವರು ಆರೋಗ್ಯ ಕೇಂದ್ರಕ್ಕೆ ಹೋಗಲು ಒಂದು ದಿನವನ್ನು ಗೊತ್ತುಮಾಡೋಣ. ಒಬ್ಬರೇ ಹೋಗಲು ಅಂಜುವವರೊಡನೆ ಉಪಾಧ್ಯಾಯರು ಹೋಗಲಿ. ಮಾತ್ರೆ, ಊಟ, ಪಾದದ ಆರೈಕೆ, ಸಕ್ಕರೆ ಇಳಿದಾಗ ಮಾಡಬೇಕಾದದ್ದು ಇವನ್ನು ದೊಡ್ಡ ಅಕ್ಷರದಲ್ಲಿ ಒಂದು ಪುಟ ಕನ್ನಡದಲ್ಲಿ ಅಚ್ಚುಮಾಡಿಸಿ, ವೈದ್ಯರಿಗೆ ತೋರಿಸಿ ತಿದ್ದಿಸಿ, ಮನೆಮನೆಗೆ ಕೊಡೋಣ. ಸಂಸ್ಥೆಯ ಸಮಾರಂಭಗಳಲ್ಲಿ ಸಕ್ಕರೆ ಹಾಕದ ಟೀಯೂ ಒಂದು ಕಡೆ ಇರಲಿ.

ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆವು. 'ಮಾತ್ರೆ ಶುರುಮಾಡಿದರೆ ಸಾಯುವವರೆಗೆ ಬಿಡದು' ಎನ್ನುತ್ತಾರೆ. ನಿಜವಿರಬಹುದು, ಕನ್ನಡಕವನ್ನೂ ನಾವು ಸಾಯುವವರೆಗೆ ಹಾಕುತ್ತೇವೆ, ಅದನ್ನು ಶಾಪವೆಂದು ಕರೆಯುವುದಿಲ್ಲ. 'ಮಗಳ ಮದುವೆಯಾಗಬೇಕು, ಮನೆಯಲ್ಲಿ ಸಕ್ಕರೆಯಿದೆಯೆಂದು ತಿಳಿದರೆ ಸಂಬಂಧ ತಪ್ಪೀತು' ಎಂದು ಬಚ್ಚಿಡುವವರೂ ಇದ್ದಾರೆ. ಅಂಥವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಬಚ್ಚಿಟ್ಟ ರೋಗ ಬಚ್ಚಿಟ್ಟಲ್ಲಿ ಕೂರುವುದಿಲ್ಲ. ನೂರಕ್ಕೆ ಹದಿನಾಲ್ಕು ಮಂದಿಗೆ ಇರುವುದನ್ನು ಒಂದು ಮನೆಯ ಕಳಂಕವೆನ್ನುವುದು ಯಾವ ನ್ಯಾಯ? ಈ ನಾಚಿಕೆಯನ್ನು ಮುರಿಯುವುದಕ್ಕಾಗಿಯೇ ನಾವು ಇಷ್ಟು ಜನರ ಮುಂದೆ ನಮ್ಮ ಚೀಟಿಯ ಕಥೆಯನ್ನು ಬಿಚ್ಚಿ ಹೇಳಿದ್ದು.

ಮಕ್ಕಳೇ, ಇಂದು ಸಂಜೆ ಮನೆಗೆ ಹೋದೊಡನೆ ಒಂದು ಕೆಲಸ ಮಾಡಿರಿ. ಅಪ್ಪನ ಅಂಗಿಯ ಜೇಬಿನಲ್ಲಿ, ಅಮ್ಮನ ಅಡಿಗೆಮನೆಯ ಡಬ್ಬಿಯಲ್ಲಿ, ಅಜ್ಜನ ಪಂಚಾಂಗದ ನಡುವೆ ಮಡಿಸಿಟ್ಟ ಹಳೆಯ ಚೀಟಿಯೊಂದು ಇದೆಯೆ, ಅವರನ್ನೇ ಕೇಳಿ ನೋಡಿರಿ. ಇದ್ದರೆ ಓದಿ ಹೇಳಿರಿ. 'ಇದಕ್ಕೆ ಮತ್ತೆ ಹೋಗಿದ್ದಿರಾ?' ಎಂದು ಒಂದೇ ಪ್ರಶ್ನೆ ಕೇಳಿರಿ. ನಮ್ಮನ್ನು ಅಂದು ಯಾರಾದರೂ ಹಾಗೆ ಕೇಳಿದ್ದರೆ ನಮಗೆ ಹದಿನಾಲ್ಕು ತಿಂಗಳು ಉಳಿಯುತ್ತಿದ್ದುವು. ಇದೇ ಈ ಸಲದ ಮಕ್ಕಳ ಹಬ್ಬದ ಮನೆಪಾಠ. ಇದಕ್ಕೆ ನಾವು ಅಂಕ ಕೊಡುವುದಿಲ್ಲ.